ಟವಲ್ಲಿನ ಕೆಳಗಿನ ಷಡ್ಡಕ

ಕುರ್ಚಿಗಾಗಿ ಜಗಳ ನಡೆಯುವುದು ವಿಧಾನಸೌಧದಲ್ಲಿ ಮಾತ್ರ ಅಂದುಕೊಂಡವರು ಬಂಗಾರಪೇಟೆಯ ವೆಂಕಟರತ್ನಮ್ಮನವರ ಮನೆಗೆ ಒಂದು ಭಾನುವಾರ ಹೋಗಿ ಬರಬೇಕು. ಆ ಮನೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಬೆಂಚು, ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಒಂದು ಚಾಪೆ, ಮತ್ತೆ ಒಂದೇ ಒಂದು ಕುರ್ಚಿ. ಕುರ್ಚಿ ತೇಗದ್ದು. ಎರಡೂ ಕಡೆ ಕೈ, ಬೆತ್ತದ ಹೆಣಿಗೆ. ವೆಂಕಟರತ್ನಮ್ಮನವರ ಯಜಮಾನರು ದೊಡ್ಡವೆಂಕಟಪ್ಪನವರು ರೈಲ್ವೆಯಿಂದ ರಿಟೈರ್ ಆದ ದಿನ ತಂದದ್ದು. ಅವರು ತೀರಿಕೊಂಡ ಮೇಲೆ ಅದರಲ್ಲಿ ಕೂರುವ ಹಕ್ಕು ದೊಡ್ಡಳಿಯ ಮುನಿನಾರಾಯಣಪ್ಪನಿಗೆ ಬಂತು. ಬಂತು ಅಂದರೆ ಯಾರೂ ಬರೆದುಕೊಟ್ಟದ್ದಲ್ಲ. ತಿಥಿಯ ದಿನ ಊಟ ಮುಗಿಸಿ ಹೋಗಿ ಕೂತ, ಯಾರೂ ಏಳಿಸಲಿಲ್ಲ.

ಮುನಿನಾರಾಯಣಪ್ಪ ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ನಟ್ಟು, ಬೋಲ್ಟು, ವಾಷರು ಎಣಿಸಿ ಕೊಡುತ್ತಿದ್ದ. ಮನೆ ಆಂಡರ್ಸನ್‌ಪೇಟೆಯಲ್ಲಿ. ಪ್ರತಿ ಭಾನುವಾರ ಹೆಂಡತಿ ಕಾಂತಮ್ಮನ ಜೊತೆ ರೈಲು ಹತ್ತಿ ಬಂಗಾರಪೇಟೆಗೆ ಬರುವುದು, ಅತ್ತೆಯ ಕೈಗೆ ಹಣ್ಣಿನ ಚೀಲ ಕೊಡುವುದು, ಕುರ್ಚಿಯಲ್ಲಿ ಕೂರುವುದು, ಮೊದಲನೇ ಲೋಟ ಕಾಫಿ ಕುಡಿಯುವುದು. ವಾರದ ಉಳಿದ ಆರು ದಿನ ಮೇಸ್ತ್ರಿಗಳ ಹತ್ತಿರ ಬೈಸಿಕೊಳ್ಳುವ ಮನುಷ್ಯನಿಗೆ ಆ ಒಂದು ಗಂಟೆ ಬೇಕಾಗಿತ್ತು.

ಚಿಕ್ಕಳಿಯ ವೇಣುಗೋಪಾಲ್ ಬಂಗಾರಪೇಟೆ ಸ್ಟೇಷನ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಅವನ ಜಾಗ ಬೆಂಚು. ಷಡ್ಡಕರಿಬ್ಬರ ನಡುವೆ ಎರಡು ವರ್ಷದಿಂದ ನೇರ ಮಾತಿರಲಿಲ್ಲ. ವೇಣುಗೋಪಾಲನ ಗೃಹಪ್ರವೇಶದಲ್ಲಿ ಮುನಿನಾರಾಯಣಪ್ಪ ಸಾಂಬಾರಿಗೆ ಉಪ್ಪು ಸಾಲದು ಅಂದಿದ್ದ. ಆಮೇಲಿಂದ ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಅತ್ತೆಗೆ ಹೇಳುತ್ತಿದ್ದರು, ಇನ್ನೊಬ್ಬನಿಗೆ ಚೆನ್ನಾಗಿ ಕೇಳಿಸುವಷ್ಟು ಜೋರಾಗಿ.

ಜನವರಿಯ ಒಂದು ಭಾನುವಾರ ಮುನಿನಾರಾಯಣಪ್ಪ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ, ಕುರ್ಚಿಯಲ್ಲಿ ವೇಣುಗೋಪಾಲ್ ಕೂತಿದ್ದಾನೆ. ಬರೀ ಕೂತಿಲ್ಲ, ಎರಡೂ ಕೈಗಳನ್ನು ಕುರ್ಚಿಯ ಎರಡೂ ಕೈಗಳ ಮೇಲೆ ಉದ್ದಕ್ಕೆ ಚಾಚಿಕೊಂಡು ಕೂತಿದ್ದಾನೆ.

"ಬನ್ನಿ ದೊಡ್ಡಳಿಯನೋರೆ, ಬೆಂಚಲ್ಲಿ ಕೂತ್ಕೊಳ್ಳಿ" ಅಂದರು ವೆಂಕಟರತ್ನಮ್ಮ. "ಚಿಕ್ಕಳಿಯನೋರು ಶೇರು ಯಾಪಾರ ಮಾಡವ್ರಂತೆ. ಕೂತಲ್ಲೇ ಮೂರು ಸಾವಿರ ಬಂದೈತೆ."

"ದೀಪಕಾಂತಿ ವಾಷರ್ಸ್ ಅಂತ ಅತ್ತೆ" ಅಂದ ವೇಣುಗೋಪಾಲ್, ಬೆಂಚಿನ ಕಡೆ ನೋಡದೆ. "ಕುಕ್ಕರಿಗೆ ರಬ್ಬರು ಮಾಡೋ ಕಂಪನಿ. ಹನ್ನೆರಡು ರೂಪಾಯಿಗೆ ಸಾವಿರ ಶೇರು ತಗೊಂಡೆ, ಈಗ ಹದಿನೈದು. ಕೆಲವರು ಜೀವಮಾನವೆಲ್ಲಾ ದುಡೀತಾರೆ. ಕೆಲವರು ದುಡ್ಡನ್ನ ದುಡಿಸ್ತಾರೆ."

ಆ ದಿನ ಮುನಿನಾರಾಯಣಪ್ಪನಿಗೆ ಕಾಫಿ ಎರಡನೆಯದಾಗಿ ಬಂತು. ಸಕ್ಕರೆ ಸರಿಯಾಗೇ ಇತ್ತು. ಕುಡಿದವನಿಗೆ ಮಾತ್ರ ಕಷಾಯದಂತೆ ಹತ್ತಿತು.

ಹಿಂದಕ್ಕೆ ಬರುವಾಗ ರೈಲಿನಲ್ಲಿ ಕಾಂತಮ್ಮ ಕಿಟಕಿಯ ಆಚೆ ನೋಡುತ್ತಾ ಅಂದಳು: "ನೀವು ಇಪ್ಪತ್ತೊಂಬತ್ತು ವರ್ಷ ವಾಷರ್ ಎಣಿಸಿದ್ರಿ, ಒಂದು ರೂಪಾಯಿ ಮೇಲೆ ಬರ್ಲಿಲ್ಲ. ಅವ್ರು ವಾಷರಿನ ಮುಖಾನೇ ನೋಡ್ಲಿಲ್ಲ, ಮೂರು ಸಾವಿರ."

ಉರಿಗಾಂ ಸ್ಟೇಷನ್ ಬರುವಷ್ಟರಲ್ಲಿ ಮುನಿನಾರಾಯಣಪ್ಪ ತೀರ್ಮಾನ ಮಾಡಿಬಿಟ್ಟಿದ್ದ.

ಅವನಿಗೆ ವ್ಯಾಪಾರ ಗೊತ್ತಿಲ್ಲ ಅನ್ನುವಂತಿಲ್ಲ. ಅವನಪ್ಪ ದನದ ಸಂತೆಗಳಲ್ಲಿ ದಳ್ಳಾಳಿಯಾಗಿದ್ದವನು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವವನಷ್ಟು ದಡ್ಡ ಇನ್ನೊಬ್ಬನಿಲ್ಲ. ಹೆಗಲ ಮೇಲಿನ ಟವಲ್ಲನ್ನು ಇಬ್ಬರ ಕೈ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬೇಕು. ಒಂದೊಂದು ಬೆರಳಿಗೂ ಒಂದು ಲೆಕ್ಕ, ಅಂಗೈ ಗೀರಿದರೆ ಅರ್ಧ. ಸುತ್ತ ನಿಂತವರಿಗೆ ಟವಲ್ಲು ಅಲ್ಲಾಡುವುದು ಮಾತ್ರ ಕಾಣಬೇಕು. ಸಂತೆ ಅಂದರೆ ಸಂತೆ, ಎತ್ತಾದರೇನು ಶೇರಾದರೇನು ಅಂತ ಮುನಿನಾರಾಯಣಪ್ಪ ಬೀರುವಿನಿಂದ ಹೊಸ ಟವಲ್ಲು ತೆಗೆದ. ಅದೇ ಬೀರುವಿನಲ್ಲಿ ಬಚ್ಚಲಮನೆಗೆ ಟೈಲ್ಸ್ ಹಾಕಿಸಲು ಕಾಂತಮ್ಮ ಕೂಡಿಟ್ಟಿದ್ದ ದುಡ್ಡೂ ಇತ್ತು. ಅದನ್ನೂ ತೆಗೆದ. ಟವಲ್ಲಿನ ವಿಚಾರ ಮಾತ್ರ ಹೆಂಡತಿಗೆ ಹೇಳಿದ.

ಶುಭನಿಧಿ ಬ್ರೋಕಿಂಗ್ ಎಂಬ ಕಂಪನಿಯ ಬ್ರಾಂಚು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲಿತ್ತು. ದಾರಿ ತೋರಿಸಿದವನು ಪಕ್ಕದ ಮನೆಯ ಸೆಲ್ವರಾಜ್. ಒಳಗೆ ಎರಡು ಕಂಪ್ಯೂಟರು. ಒಂದರ ಮುಂದೆ 'ಡೀಲರ್' ಅಂತ ಬೋರ್ಡಿಟ್ಟುಕೊಂಡು ರೂಪೇಶ್ ಎಂಬುವನು ಕೂತಿದ್ದ. ಖಾತೆ ತೆರೆಯುವ ಅರ್ಜಿಯಲ್ಲಿ ಹದಿನಾಲ್ಕು ಕಡೆ ಸಹಿ ಹಾಕಿಸಿಕೊಂಡು ಅವನು ಕೇಳಿದ: "ನಾಮಿನಿ ಯಾರು ಸಾರ್? ಮನೆಯವರ ಹೆಸರು ಬರೀಲಾ?"

ಮುನಿನಾರಾಯಣಪ್ಪ ಯೋಚಿಸಿದ. ಹೆಂಡತಿ ಹೇಗಿದ್ದರೂ ಹೆಂಡತಿಯೇ. ಕುರ್ಚಿ ಇರುವುದು ಬೇರೆಯವರ ಮನೆಯಲ್ಲಿ.

"ಅತ್ತೆ ಹೆಸರು ಬರಿಯಪ್ಪ. ವೆಂಕಟರತ್ನಮ್ಮ, ಬಂಗಾರಪೇಟೆ."

ಆ ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಗುಟ್ಟನ್ನು ಅತ್ತೆಯ ಕಿವಿಗೆ ಹಾಕಿದ. ವೆಂಕಟರತ್ನಮ್ಮ ಒಂದು ಗಳಿಗೆ ಅವನ ಮುಖ ನೋಡಿದರು. "ನೀವೂನಾ" ಅನ್ನುವಂತೆ ಬಾಯಿ ತೆರೆದವರು, "ಒಳ್ಳೇದಾಗ್ಲಪ್ಪ" ಅಂತ ಮುಚ್ಚಿ, ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿದರು.

ಸೋಮವಾರ ಮುನಿನಾರಾಯಣಪ್ಪ ಅರ್ಧ ದಿನ ರಜೆ ಹಾಕಿ ಮಹಡಿ ಹತ್ತಿದ.

"ಯಾವ ಶೇರು ಸಾರ್?" ಅಂದ ರೂಪೇಶ್.

"ದೀಪಕಾಂತಿ ವಾಷರ್ಸ್. ಸಾವಿರ."

"ರೇಟು?"

ಮುನಿನಾರಾಯಣಪ್ಪ ಹಿಂದೆ ತಿರುಗಿ ನೋಡಿದ. ಬೆಂಚಿನ ಮೇಲೆ ಇಬ್ಬರು ರಿಟೈರಾದ ಮೇಷ್ಟರು, ಒಬ್ಬಾಕೆ ಟೈಲರಮ್ಮ ಕೂತಿದ್ದರು. ಅವನು ಟವಲ್ಲನ್ನು ಹೆಗಲಿಂದ ಜಾರಿಸಿ, ಮೇಜಿನ ಮೇಲಿದ್ದ ರೂಪೇಶನ ಕೈಯನ್ನೂ ಮೌಸನ್ನೂ ಸೇರಿಸಿ ಮುಚ್ಚಿ, ಒಳಗೆ ಕೈ ತೂರಿಸಿ ಬೆರಳು ಹಿಡಿದ.

"ಸಾರ್, ಕೈ ಬಿಡಿ."

"ಸುಮ್ಕಿರಪ್ಪ. ರೇಟು ಹೇಳ್ತಾ ಇದೀನಿ."

"ಬಾಯಲ್ಲಿ ಹೇಳಿ ಸಾರ್. ನನಗೆ ಕಚಗುಳಿ ಆಗ್ತದೆ."

"ಇಷ್ಟು ಜನದ ಮುಂದೆ ಬಾಯಲ್ಲಿ ಹೇಳೋದಾ? ನಿಂಗೆ ಕೆಲ್ಸ ಕೊಟ್ಟೋರು ಯಾರು?"

ಟೈಲರಮ್ಮ ಮುಖ ಆಚೆ ತಿರುಗಿಸಿಕೊಂಡಳು. ಮೇಷ್ಟರೊಬ್ಬರು ಕನ್ನಡಕ ಹಾಕಿಕೊಂಡರು. ರೂಪೇಶ್ ಹೇಗೋ ಕೈ ಬಿಡಿಸಿಕೊಂಡು, ತಾಳ್ಮೆಯಿಂದ ಹೇಳಿದ:

"ನೋಡಿ ಸಾರ್. ನಾನು ನಿಮ್ಮ ಕಡೆ ದಳ್ಳಾಳಿ. ಮಾರೋರ ಕಡೆ ಅವರ ದಳ್ಳಾಳಿ ಇರ್ತಾನೆ. ನೀವು ಹೇಳಿದ ಬೆಲೇನ ನಾನು ಎಕ್ಸ್‌ಚೇಂಜಿಗೆ ಕಳಿಸ್ತೀನಿ. ಅದೇ ಸಂತೆ. ಮೈದಾನ ಇಲ್ಲ, ಕಂಪ್ಯೂಟರ್ ಅಷ್ಟೆ. ಯಾರು ಜಾಸ್ತಿ ಕೊಡ್ತೀನಿ ಅಂತಾರೋ ಅವರಿಗೆ ಮೊದಲು. ಬೆಲೆ ಒಂದೇ ಆದ್ರೆ ಮೊದಲು ಬಂದೋರಿಗೆ ಮೊದಲು."

"ನಿಮ್ಮ ಕಂಪನಿಯೋರೂ ಶೇರು ಇಟ್ಕೊಂಡಿರ್ತಾರಾ?"

"ಅವರ ದುಡ್ಡಲ್ಲಿ ಅವರೂ ತಗೋತಾರೆ, ಮಾರ್ತಾರೆ. ಅದು ಬೇರೆ ಖಾತೆ. ನಿಮ್ಮ ಆರ್ಡರಿಗೂ ಅದಕ್ಕೂ ಸೇರಿಸಂಗಿಲ್ಲ."

"ಅಂದ್ರೆ ದಳ್ಳಾಳೀನೂ ಮನೆ ಹಿಂದೆ ನಾಲ್ಕು ಎತ್ತು ಕಟ್ಟಿರ್ತಾನೆ" ಅಂದ ಮುನಿನಾರಾಯಣಪ್ಪ. ಇಷ್ಟು ಹೊತ್ತಿಗೆ ಅವನಿಗೆ ಆ ಜಾಗ ಪರಿಚಯದ್ದು ಅನ್ನಿಸತೊಡಗಿತ್ತು. "ಸರಿ, ಮಾರೋನು ಯಾರು? ಯಾವೂರು?"

"ಅದು ಕಾಣಲ್ಲ ಸಾರ್. ಬೆಲೆ ಕಾಣ್ತದೆ, ಎಷ್ಟು ಶೇರು ಅಂತ ಕಾಣ್ತದೆ. ಯಾರು ಅಂತ ನನಗೂ ಕಾಣಲ್ಲ, ಅವರಿಗೂ ಕಾಣಲ್ಲ."

ಮುನಿನಾರಾಯಣಪ್ಪ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದ. ಆಮೇಲೆ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಹಂಗನ್ನು ಮತ್ತೆ. ಇಲ್ಲಿಂದ ಮುಂಬೈವರೆಗೂ ಒಂದೇ ಟವಲ್ಲು ಹೊದಿಸಿಬಿಟ್ಟವ್ರೆ. ಹಾಕು, ಹದಿನೈದು."

ಹದಿನೈದಕ್ಕೆ ಸಾವಿರ ಶೇರು ಮಾರುವವನೊಬ್ಬ ಆ ಕ್ಷಣಕ್ಕೇ ಕಾದು ಕೂತಿದ್ದ. ವ್ಯಾಪಾರ ಮುಗಿಯಿತು.

ಮುಂದಿನ ಭಾನುವಾರ ವೇಣುಗೋಪಾಲ್ ಕುರ್ಚಿಯಲ್ಲಿ ಕೂತು ಅತ್ತೆಗೆ ಹೇಳಿದ: "ಎಲ್ಲಾ ಮಾರಿಬಿಟ್ಟೆ ಅತ್ತೆ. ಮೂರು ಸಾವಿರ ಕೈಗೆ ಬಂತು. ಯಾವನೋ ಮುಂಬೈ ಪೆದ್ದ ಕಣ್ಮುಚ್ಚಿ ತಗೊಂಡ."

ಮುನಿನಾರಾಯಣಪ್ಪ ಬೆಂಚಿನಿಂದ ಅತ್ತೆಗೆ ಹೇಳಿದ: "ನಾನೂ ಇಳಿದೆ ಅತ್ತೆ, ಶೇರಿಗೆ. ಯಾವನೋ ಪೆದ್ದ ಬಂಗಾರದಂಥ ಮಾಲು ಅಗ್ಗಕ್ಕೆ ಬಿಟ್ಟ. ಬಾಚ್ಕೊಂಡೆ."

ಇಬ್ಬರೂ ಒಂದೇ ಕಂಪನಿಯ, ಒಂದೇ ದಿನದ, ಒಂದೇ ಬೆಲೆಯ ಮಾತಾಡುತ್ತಿದ್ದಾರೆ ಅಂತ ಯಾರಾದರೂ ಗಮನಿಸಬಹುದಾಗಿತ್ತು. ಆದರೆ ಹೊಟ್ಟೆ ಉರಿಯುತ್ತಿರುವ ಮನುಷ್ಯನಿಗೆ ಎದುರಿನವನ ಲಾಭ ಮಾತ್ರ ಕಿವಿಗೆ ಬೀಳುತ್ತದೆ, ಮಿಕ್ಕ ವಿವರ ಬೀಳುವುದಿಲ್ಲ. ವೆಂಕಟರತ್ನಮ್ಮ ಇಬ್ಬರ ಕಡೆಗೂ ತಲೆ ಆಡಿಸಿದರು.

ವೇಣುಗೋಪಾಲನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ದೊಡ್ಡಳಿಯ ಬಾಚಿಕೊಂಡದ್ದು ಏನಿರಬಹುದು? ಬೆಳಿಗ್ಗೆ ಎದ್ದವನೇ ತನ್ನ ಮೊಬೈಲಿನಲ್ಲಿ, ತನಗೆ ಗೊತ್ತಿದ್ದದ್ದು ಅದೊಂದೇ ಆದ್ದರಿಂದ, ಮಾರಿದ್ದ ವಾಷರನ್ನೇ ಮತ್ತೆ ಕೇಳತೊಡಗಿದ. ಹದಿನಾರು ಅಂದ, ಕೊಡುವವರಿಲ್ಲ. ಮಾರನೆ ದಿನ ಹದಿನೇಳು. ಆಮೇಲೆ ಹದಿನೆಂಟು. ಇತ್ತ ರೂಪೇಶ್ ಕಾರ್ಖಾನೆಗೇ ಫೋನು ಮಾಡಿದ: "ಸಾರ್, ನಿಮ್ಮ ವಾಷರ್ಸನ್ನ ಹದಿನೆಂಟಕ್ಕೆ ಯಾರೋ ಸಾವಿರ ಕೇಳ್ತವ್ರೆ."

"ಕೊಟ್ಟು ಬಿಸಾಕು" ಅಂದ ಮುನಿನಾರಾಯಣಪ್ಪ, ಇಡೀ ಸ್ಟೋರ್ಸ್ ಕೇಳುವಂತೆ.

ಆ ಭಾನುವಾರ ಕುರ್ಚಿ ಅವನದಾಯಿತು. ಕಾಫಿ ಮೊದಲು ಬಂತು. ಲಾಭ ಮಾಡಿದ ಅಳಿಯನಿಗೆ ಕುರ್ಚಿ ಅನ್ನುವ ಕಾನೂನು ಆ ಮನೆಯಲ್ಲಿ ತಾನಾಗೇ ಜಾರಿಗೆ ಬಂದಿತ್ತು. ಆದರೆ ಸುಖ ನಾಲ್ಕು ದಿನ ಉಳಿಯಲಿಲ್ಲ. ಗುರುವಾರ ನೋಡಿದರೆ ವಾಷರಿಗೆ ಮಾರುವವನು ಇಪ್ಪತ್ತರ ಮೇಲೆ ಬೆಲೆ ಹೇಳುತ್ತಿದ್ದಾನೆ. ತಾನು ಬಿಟ್ಟದ್ದನ್ನು ಯಾವನೋ ಕೊಂಡು ದೊಡ್ಡವನಾಗುತ್ತಿದ್ದಾನೆ ಅಂತ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ಇಪ್ಪತ್ತೊಂದಕ್ಕೆ ಮತ್ತೆ ಕೊಂಡ. ಮತ್ತೆ ಯಾವನೋ ಪೆದ್ದ ಮಾರಿದ. ಮತ್ತೆ ಬಂಗಾರಪೇಟೆಯಲ್ಲಿ ವೇಣುಗೋಪಾಲ್ ಕುರ್ಚಿಯೇರಿ, ಯಾವನೋ ಪೆದ್ದ ಕೊಂಡ ಅಂದ.

ಹೀಗೆ ಫೆಬ್ರವರಿ, ಮಾರ್ಚಿ, ಏಪ್ರಿಲ್ ಕಳೆದವು. ಯುಗಾದಿಗೆ ಕುರ್ಚಿ ವೇಣುಗೋಪಾಲನದು, ರಾಮನವಮಿಗೆ ಮುನಿನಾರಾಯಣಪ್ಪನದು. ಆಂಡರ್ಸನ್‌ಪೇಟೆಯ ಬೀದಿಯಲ್ಲಿ ಅವನ ನಡಿಗೆಯೇ ಬದಲಾಯಿತು. ಸೆಲ್ವರಾಜ್ ಬೆಳಿಗ್ಗೆ ನಲ್ಲಿಯ ಹತ್ತಿರ ಕೇಳುತ್ತಿದ್ದ: "ಅಣ್ಣೇ, ಇವತ್ತು ಮಾರ್ಕೆಟ್ ಎಪ್ಪಡಿ? ಮೇಲೆ ಓಗುತ್ತಾ?"

"ಮುಂಬೈಯೋರು ನಾನು ಏನು ಮಾಡ್ತೀನಿ ಅಂತ ನೋಡ್ತಾ ಕೂತವ್ರೆ ಸೆಲ್ವ. ನಾನು ಕೊಂಡ್ರೆ ಏರ್ತದೆ, ಬಿಟ್ರೆ ನಿಲ್ತದೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ತೊಂದರೆ.

ಟೈಲ್ಸ್ ಅಂಗಡಿಯವನು ಎರಡು ಸಲ ಬಂದು ಬಚ್ಚಲು ಅಳೆದುಕೊಂಡು ಹೋದ. "ಇನ್ನೂ ಒಳ್ಳೇ ಟೈಲ್ಸ್ ಹಾಕಿಸ್ತೀನಿ ತಾಳು" ಅಂತ ಮುನಿನಾರಾಯಣಪ್ಪ ಹೆಂಡತಿಗೆ ಹೇಳಿ, ಬೀರುವಿನ ಬೀಗದ ಕೈಯನ್ನು ತನ್ನ ಉಡುದಾರಕ್ಕೆ ಕಟ್ಟಿಕೊಂಡ. ಮೇ ತಿಂಗಳ ಎರಡನೇ ಶುಕ್ರವಾರ ವಾಷರನ್ನು ನಲವತ್ತೊಂದಕ್ಕೆ ಕೊಂಡ. ಬೀರು ಖಾಲಿಯಾಯಿತು.

ಮಂಗಳವಾರ ಕಾಗದ ಬಂತು. ಇಂಗ್ಲಿಷಿನಲ್ಲಿದ್ದದ್ದನ್ನು ಸೆಲ್ವರಾಜ್ ಗೇಟಿನ ಹತ್ತಿರ ನಿಂತು ಓದಿ, ಎರಡನೇ ಸಲ ಮೆಲ್ಲಗೆ ಓದಿ ಹೇಳಿದ: "ಅಣ್ಣೇ, ನೀವೂ ಇನ್ನೊಬ್ಬರೂ ಸೇರ್ಕೊಂಡು, ಒಳಗೊಳಗೇ ಮಾತಾಡ್ಕೊಂಡು, ಒಂದೇ ಶೇರನ್ನ ಅತ್ತ ಇತ್ತ ಮಾರಿ ಬೆಲೆ ಏರಿಸಿದ್ದೀರಂತೆ. ನಿಮ್ಮ ಖಾತೆ ನಿಲ್ಸಿಬಿಟ್ಟವ್ರೆ. ಬುಧವಾರ ಬೆಂಗಳೂರಿಂದ ಆಫೀಸರಮ್ಮ ಬತ್ತಾರಂತೆ. ಸರಿಯಾದ ಉತ್ತರ ಕೊಡದಿದ್ರೆ ಮೇಲಕ್ಕೆ ಬರೀತಾರಂತೆ. ಆಮೇಲೆ ದೇಶದಲ್ಲಿ ಯಾವ ಬ್ರೋಕರೂ ನಿಮ್ಮನ್ನ ಒಳಗೆ ಬಿಡಲ್ಲ, ಇರೋ ಶೇರೂ ಅಲ್ಲೇ ಕೊಳೀತದೆ."

"ಸೇರ್ಕೊಂಡಾ? ಯಾರ ಜೊತೆ?"

"ಹೆಸರು ಹಾಕಿಲ್ಲ ಅಣ್ಣೇ."

ಒಳಗಿಂದ ಕಾಂತಮ್ಮ ಕೇಳಿದಳು: "ರೀ, ಏನದು ಕಾಗ್ದ?"

"ಮುಂಬೈಯೋರು" ಅಂದ ಮುನಿನಾರಾಯಣಪ್ಪ. ಕಾಗದ ಮಡಚಿ ಜೇಬಿಗಿಟ್ಟ.

ಬುಧವಾರದ ಹೊತ್ತಿಗೆ ಅವನು ಹೆಂಡತಿಯ ಮುಂದೆ ಟೈಲ್ಸಿನ ದುಡ್ಡಿನ ವಿಷಯ ಒಪ್ಪಿಕೊಂಡಿದ್ದ. ಮಂಗಳವಾರ ರಾತ್ರಿ ಏನಾಯಿತು ಅನ್ನುವುದನ್ನು ಬೀದಿಯವರೆಲ್ಲಾ ಕೇಳಿಸಿಕೊಂಡಿದ್ದಾರೆ, ನಾವು ಮತ್ತೆ ಹೇಳಬೇಕಾಗಿಲ್ಲ. ಈಗ ಕಾಂತಮ್ಮ ಮುಂದೆ, ಅವನು ನಡುವೆ, ತನ್ನ ಒಳ್ಳೆಯ ನಡತೆಗೆ ಸಾಕ್ಷಿ ಹೇಳಲೆಂದು ಕರೆದುಕೊಂಡ ಸೆಲ್ವರಾಜ್ ಹಿಂದೆ, ಹೀಗೆ ಮಹಡಿ ಹತ್ತಿದರು.

ಹತ್ತಿ ನೋಡಿದರೆ ಬೆಂಚಿನ ಮೇಲೆ ವೇಣುಗೋಪಾಲ್, ಅವನ ಹೆಂಡತಿ ಇಂದ್ರಾಣಿ, ಅವರಿಬ್ಬರ ನಡುವೆ ವೆಂಕಟರತ್ನಮ್ಮ.

"ನನ್ನ ಮಾನ ಹೋಗೋದು ನೋಡೋಕೆ ಅತ್ತೇನೂ ಕರ್ಕೊಂಡ್ ಬಂದವ್ನೆ" ಅಂದ ಮುನಿನಾರಾಯಣಪ್ಪ, ಹೆಂಡತಿಯ ಕಿವಿಯಲ್ಲಿ.

ವೇಣುಗೋಪಾಲ್ ಅದೇ ಹೊತ್ತಿಗೆ ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದ: "ಕಂಪ್ಲೇಂಟ್ ಕೊಟ್ಟೋರು ಬಂದ್ರು ನೋಡಿ."

ಆಫೀಸರಮ್ಮ ಶ್ವೇತ ಮೂವತ್ತು ದಾಟಿರದ ಹೆಣ್ಣುಮಗಳು. ಮುಖದಲ್ಲಿ ನಗು ಇರಲಿಲ್ಲ, ಕೈಯಲ್ಲಿ ಫೈಲಿತ್ತು. "ಮುನಿನಾರಾಯಣಪ್ಪ ನೀವು. ಬ್ರಾಂಚ್ ಮೂಲಕ ವ್ಯಾಪಾರ. ವೇಣುಗೋಪಾಲ್ ನೀವು. ನಮ್ಮದೇ ಆ್ಯಪ್ ಮೂಲಕ. ಜನವರಿಯಿಂದ ಮೇವರೆಗೆ ದೀಪಕಾಂತಿ ವಾಷರ್ಸ್‌ನ ಅದೇ ಸಾವಿರ ಶೇರು ನಿಮ್ಮಿಬ್ಬರ ನಡುವೆ ಹನ್ನೊಂದು ಸಲ ಕೈ ಬದಲಾಗಿದೆ. ನಿಮ್ಮಿಬ್ಬರನ್ನ ಬಿಟ್ಟರೆ ಅದನ್ನ ಕೊಂಡವರೂ ಇಲ್ಲ, ಮಾರಿದವರೂ ಇಲ್ಲ."

ರೂಪೇಶ್ ಕಂಪ್ಯೂಟರಿನ ಹಿಂದಿನಿಂದ ತಲೆ ಎತ್ತಿ ನೋಡಿದ.

"ಆ ಪೆದ್ದ..." ಅಂದ ವೇಣುಗೋಪಾಲ್.

"ಮುಂಬೈಯೋನು..." ಅಂದ ಮುನಿನಾರಾಯಣಪ್ಪ.

ಎರಡು ವರ್ಷದಲ್ಲಿ ಮೊದಲನೇ ಸಲ ಷಡ್ಡಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಿಮ್ಮ ಜೇಬಿಂದ ಅವರ ಜೇಬಿಗೆ, ಅವರ ಜೇಬಿಂದ ನಿಮ್ಮ ಜೇಬಿಗೆ" ಅಂದಳು ಶ್ವೇತ. "ಹೊರಗಿಂದ ಒಂದು ರೂಪಾಯಿ ಒಳಗೆ ಬಂದಿಲ್ಲ. ನಮ್ಮ ಬ್ರೋಕರೇಜು, ಸರ್ಕಾರದ ತೆರಿಗೆ ಮಾತ್ರ ಹೊರಗೆ ಹೋಗಿದೆ. ಬೇರೆಯವರು ಮೋಸ ಹೋಗಲಿ ಅಂತ ಇಬ್ಬರೂ ಮಾತಾಡಿಕೊಂಡು ಬೆಲೆ ಏರಿಸಿದ್ದೀರಿ ಅಂತ ಎಕ್ಸ್‌ಚೇಂಜಿನ ಅನುಮಾನ. ಅದಕ್ಕೆ ಆಧಾರವೂ ಇದೆ. ನೀವಿಬ್ಬರೂ ಬರೆಸಿರುವ ನಾಮಿನಿ ಒಬ್ಬರೇ. ವೆಂಕಟರತ್ನಮ್ಮ."

ಕಾಂತಮ್ಮ ಗಂಡನ ಕಡೆ ತಿರುಗಿದಳು. "ರೀ, ನಾಮಿನಿ ಅಂದ್ರೆ ಏನು?"

"ನಾನು ಸತ್ತೋದ್ರೆ ದುಡ್ಡು ಯಾರಿಗೆ ಸೇರ್ಬೇಕು ಅಂತ..."

"ಯಾರಿಗೆ ಸೇರ್ಬೇಕು?"

ಮುನಿನಾರಾಯಣಪ್ಪ ರೂಪೇಶನ ಮೇಜಿನ ಮೇಲಿದ್ದ ಗ್ಲಾಸಿನ ನೀರು ಕುಡಿದ. ಆ ಕಡೆ ಇಂದ್ರಾಣಿ ತಾಯಿಯ ಪಕ್ಕದಿಂದ ಎದ್ದು ಮೂಲೆಯ ಸ್ಟೂಲಿನಲ್ಲಿ ಕೂತಳು. ವೇಣುಗೋಪಾಲನಿಗೆ ಅದು ಸಾಕಾಗಿತ್ತು.

"ಮೇಡಮ್ಮೋರೆ" ಅಂದ ಮುನಿನಾರಾಯಣಪ್ಪ, "ಇವನ ಜೊತೆ ನಾನು ಸೇರ್ಕೊಳ್ಳೋದಾ? ಎರಡು ವರ್ಷದಿಂದ ನಮಗೆ ಮಾತೇ ಇಲ್ಲ."

"ಅದಕ್ಕೆ ಸಾಕ್ಷಿ?"

ಇದು ಹೊಸ ಬಗೆಯ ಕಷ್ಟ. ಸ್ನೇಹಕ್ಕೆ ಫೋಟೋ ಇರುತ್ತದೆ, ಮದುವೆಗೆ ಪತ್ರಿಕೆ ಇರುತ್ತದೆ. ಹೊಟ್ಟೆಕಿಚ್ಚಿಗೆ ರಸೀದಿ ಯಾರು ಇಟ್ಟಿರುತ್ತಾರೆ?

"ನಾನು ಸಾಕ್ಷಿ ಮೇಡಮ್" ಅಂತ ಸೆಲ್ವರಾಜ್ ಎದ್ದು ನಿಂತ. "ಗೃಹಪ್ರವೇಶಕ್ಕೆ ಓಗಿ ಬಂದು, ಸಾಂಬಾರಲ್ಲಿ ಉಪ್ಪಿಲ್ಲ ಅಂತ ಇವರು ಬೀದಿ ಪೂರಾ ಹೇಳಿದ್ರು. ಹದಿನೇಳು ಮನೆ. ನಾನು ಕೂಡ ಇದ್ದೆ. ಅವರು ಸ್ಕೂಟರ್ ತಗೊಂಡ ದಿನ ಇವರು ಊಟ ಮಾಡ್ಲಿಲ್ಲ."

"ಸೆಲ್ವ, ನೀನು ಒಳ್ಳೇ ನಡತೆಗೆ ಸಾಕ್ಷಿ ಹೇಳೋಕೆ ಬಂದೋನು."

"ಅದು ಈಗ ಬೇಡ ಅಣ್ಣೇ, ಇದೇ ಒಳ್ಳೇದು."

ವೇಣುಗೋಪಾಲ್ ಹಿಂದೆ ಬೀಳಲಿಲ್ಲ. "ನಾನು ಮಾಡಿರೋದೂ ಕಮ್ಮಿ ಇಲ್ಲ ಮೇಡಮ್. ಇವರಿಗೆ ಕಾರ್ಖಾನೆಯಲ್ಲಿ ಪ್ರಮೋಷನ್ ಆಗ್ತದೆ ಅಂತ ಸುದ್ದಿ ಬಂದಾಗ, ಆಗಬಾರದು ಅಂತ ಕೋಟಿಲಿಂಗೇಶ್ವರಕ್ಕೆ ಹರಕೆ ಹೊತ್ತಿದ್ದೆ. ಆಗಲಿಲ್ಲ. ತೀರಿಸಿ ಬಂದೆ."

"ಅದು ನೀನೇನಾ?" ಅಂದ ಮುನಿನಾರಾಯಣಪ್ಪ.

ಶ್ವೇತ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟಳು. ಮುನಿನಾರಾಯಣಪ್ಪ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ. ಐವತ್ತಾರು ವರ್ಷದಲ್ಲಿ ಯಾರ ಮುಂದೆಯೂ ಒಪ್ಪಿಕೊಳ್ಳದ ಮಾತು. ಒಪ್ಪದಿದ್ದರೆ ಬಚ್ಚಲಿಗೆ ಟೈಲ್ಸಿಲ್ಲ, ಬೀದಿಯಲ್ಲಿ ಮುಖವಿಲ್ಲ. ಕೊನೆಗೆ ಬರೆದ:

'ಕೆಳಗೆ ಸಹಿ ಮಾಡಿರುವ ನಾನು, ನನ್ನ ಷಡ್ಡಕರಾದ ವೇಣುಗೋಪಾಲ್ ರವರು ಉದ್ಧಾರವಾಗುವುದನ್ನು ನೋಡಿ ಸಹಿಸಲಾರದೆ, ಅವರನ್ನು ಅತ್ತೆಯವರ ಮನೆಯ ಕುರ್ಚಿಯಿಂದ ಎಬ್ಬಿಸುವ ಏಕೈಕ ಉದ್ದೇಶದಿಂದ ಸದರಿ ಶೇರುಗಳನ್ನು ಕೊಂಡಿರುತ್ತೇನೆ ಹಾಗೂ ಮಾರಿರುತ್ತೇನೆ. ಅವರೊಂದಿಗೆ ನನಗೆ ಯಾವುದೇ ಒಪ್ಪಂದ, ಸ್ನೇಹ, ವಿಶ್ವಾಸ ಇರುವುದಿಲ್ಲ.'

ವೇಣುಗೋಪಾಲ್ ಕತ್ತು ಚಾಚಿ ಓದಿಕೊಂಡು, ತನ್ನ ಹಾಳೆಯಲ್ಲಿ ಅದನ್ನೇ ಬರೆದು, 'ಮುಂದಕ್ಕೂ ಇರುವುದಿಲ್ಲ' ಅಂತ ಸೇರಿಸಿದ. ಮುನಿನಾರಾಯಣಪ್ಪ ತನ್ನ ಹಾಳೆ ವಾಪಸ್ಸು ಕೇಳಿದ. ಶ್ವೇತ ಕೊಡಲಿಲ್ಲ.

"ಅಮ್ಮಾ, ಇದೆಲ್ಲಾ ನಿಮಗೆ ಗೊತ್ತಿತ್ತಾ?" ಅಂತ ಅವಳು ವೆಂಕಟರತ್ನಮ್ಮನ ಕಡೆ ತಿರುಗಿದಳು.

"ಗೊತ್ತಿತ್ತು ಕಣಮ್ಮ. ಒಬ್ರು ಮಾರ್ದೆ ಅಂದ ವಾರಾನೇ ಇನ್ನೊಬ್ರು ತಗೊಂಡೆ ಅಂತಿದ್ರು. ನಂಗೆ ಓದು ಬರಾಕಿಲ್ಲ, ಕಿವಿ ಐತಲ್ಲ. ಇಬ್ರೂ ನನ್ನೆಸ್ರು ಬರೆಸಿದೀನಿ ಅಂತ ಅಡುಗೆಮನೇಲಿ ಬಂದು ಗುಟ್ಟು ಹೇಳಿದ್ರು. ಒಂದೇ ಬಾಗ್ಲಲ್ಲಿ ನಿಂತ್ಕೊಂಡು."

"ಹೇಳಬಹುದಿತ್ತಲ್ಲ? ಹೋಗಲಿ, ಜಗಳವೇ ಬೇಡ ಅಂತ ಇನ್ನೊಂದು ಕುರ್ಚಿ ತರಬಹುದಿತ್ತು."

ವೆಂಕಟರತ್ನಮ್ಮ ಸೆರಗು ಸರಿಮಾಡಿಕೊಂಡರು. "ಇನ್ನೊಂದು ಕುರ್ಚಿ ತಂದ್ರೆ ಭಾನುವಾರ ಯಾರಮ್ಮ ಬತ್ತಾರೆ? ನಿಂಗೆ ಗೊತ್ತಾ, ನಮ್ಮೂರಲ್ಲಿ ಯಾರ ಅಳಿಯಂದ್ರೂ ಇಂಗೆ ವಾರ ವಾರ ಬರಲ್ಲ. ಅಣ್ಣಿನ ಚೀಲ ಇಡ್ಕೊಂಡು, ಒಬ್ರಿಗಿಂತ ಒಬ್ರು ಮುಂಚೆ ಬತ್ತಾರೆ."

ಶ್ವೇತ ಮೊದಲನೇ ಸಲ ಫೈಲನ್ನು ಮುಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಭುಜ ಅಲ್ಲಾಡುತ್ತಿತ್ತು. ಆಮೇಲೆ ಗಂಭೀರವಾಗಿ ವರದಿಯಲ್ಲಿ ಬರೆದಳು: ಇವರಿಬ್ಬರ ನಡುವೆ ಯಾವುದೇ ಹೊಂದಾಣಿಕೆ ಕಂಡುಬಂದಿಲ್ಲ, ಕಂಡುಬರುವ ಲಕ್ಷಣವೂ ಇಲ್ಲ.

ಮೂರು ವಾರಕ್ಕೆ ಖಾತೆಗಳು ಬಿಡುಗಡೆಯಾದವು, ಜೊತೆಗೆ ಎಚ್ಚರಿಕೆಯ ಕಾಗದ ಬಂತು. ಮುನಿನಾರಾಯಣಪ್ಪ ರೂಪೇಶನ ಪರದೆಯಲ್ಲಿ ನೋಡಿದ. ಬೆಲೆ ನಲವತ್ತೊಂದು ಅಂತಲೇ ಇತ್ತು. ಕೊಳ್ಳುವವರ ಕಡೆ ಮಾತ್ರ ಖಾಲಿ.

"ಪೆದ್ದ ಯಾರೂ ಇಲ್ವಾ?" ಅಂದ.

"ಇದ್ದೋರು ಒಬ್ರೇ ಸಾರ್. ಈಗ ಎಕ್ಸ್‌ಚೇಂಜಲ್ಲಿ ಅವರ ಜೊತೆ ಮತ್ತೆ ಬೇಡ. ಇಬ್ಬರೂ ಒಪ್ಪಿದ್ರೆ, ಕಾರಣ ಬರೆದು, ಸ್ಲಿಪ್ ಕೊಟ್ಟು ನೇರವಾಗಿ ವರ್ಗಾಯಿಸಬಹುದು. ಬೆಲೆ ನೀವೇ ಕೂತು ಮಾತಾಡ್ಕೊಳ್ಳಿ."

ಆ ಭಾನುವಾರ ಬಂಗಾರಪೇಟೆಯ ಪಡಸಾಲೆಯಲ್ಲಿ ಕುರ್ಚಿ ಖಾಲಿ ಇತ್ತು. ಷಡ್ಡಕರಿಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತಿದ್ದರು. ಸಾವಿರ ಶೇರಿನಲ್ಲಿ ಅರ್ಧ ವೇಣುಗೋಪಾಲ್ ವಾಪಸ್ಸು ಕೊಳ್ಳುವುದು ಅಂತ ಅತ್ತೆಯ ಮೂಲಕ ಮಾತಾಗಿತ್ತು, ಬೆಲೆ ಮಾತ್ರ ಬಾಕಿ. ಮುನಿನಾರಾಯಣಪ್ಪ ಹೆಗಲಿನ ಟವಲ್ಲು ತೆಗೆದು ಕೈಮೇಲೆ ಹೊದಿಸಿ ಮುಂದಕ್ಕೆ ಚಾಚಿದ. ಬೆರಳಿಗೆ ಹತ್ತು ರೂಪಾಯಿ.

ವೇಣುಗೋಪಾಲ್ ಸ್ವಲ್ಪ ಯೋಚಿಸಿ ಕೈ ಒಳಗಿಟ್ಟ. ಮುನಿನಾರಾಯಣಪ್ಪ ನಾಲ್ಕು ಬೆರಳು ಹಿಡಿದ. ವೇಣುಗೋಪಾಲ್ ಎರಡು ಮಡಚಿದ. ಟವಲ್ಲು ಅಲ್ಲಾಡಿತು.

"ಅಣ್ಣ, ಐನೂರು ಶೇರು ಅಂದ್ರೆ ನನಗೂ ಭಾರಾನೇ" ಅಂದ ವೇಣುಗೋಪಾಲ್. ಅಣ್ಣ ಅಂದದ್ದು ಎರಡು ವರ್ಷದ ಮೇಲೆ.

"ಟೈಲ್ಸಿನೋನು ದುಡ್ಡು ಬತ್ತದೆ ಅಂತ ಬಚ್ಚಲು ಅಗೆದು ಬಿಟ್ಟವ್ನೆ ಕಣೋ ವೇಣು. ಕಾಂತ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡ್ತಾ ಅವ್ಳೆ."

ಒಂದು ಬೆರಳು ಮತ್ತೆ ಬಿಚ್ಚಿಕೊಂಡಿತು. ಮೂರು. ಆಮೇಲೆ ಅಂಗೈಯಲ್ಲಿ ಒಂದು ಗೀರು. ಮೂವತ್ತೈದು. ಇಬ್ಬರ ಮುಖದಲ್ಲೂ ನಗು ಬಂತು. ವೇಣುಗೋಪಾಲ್, "ಆವತ್ತು ಸಾಂಬಾರಿಗೆ ಉಪ್ಪು ನಿಜವಾಗ್ಲೂ ಕಮ್ಮಿ ಇತ್ತು ಅಣ್ಣ" ಅಂದ. ಮುನಿನಾರಾಯಣಪ್ಪ, "ಪಲ್ಯ ಚೆನ್ನಾಗಿತ್ತು" ಅಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೆಂಕಟರತ್ನಮ್ಮ ಇದನ್ನೆಲ್ಲಾ ನೋಡಿದರು. ಕುರ್ಚಿಯನ್ನು ನೋಡಿದರು. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಕೆಂಪಕ್ಷರದ ಭಾನುವಾರಗಳನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಮಾವಿನ ಹೋಳನ್ನು ಬಾಯಿಗೆ ಹಾಕಿಕೊಂಡು, ಸಾವಕಾಶವಾಗಿ ಹೇಳಿದರು:

"ಏನೇ ಅನ್ನಿ, ದೊಡ್ಡಳಿಯನೋರು ತಂದ ಬಾದಾಮಿ ಅಣ್ಣಿನ ರುಚಿ ಬೇರೆ ಯಾರು ತಂದ್ರೂ ಬರಾಕಿಲ್ಲ."

ಟವಲ್ಲಿನ ಕೆಳಗೆ ಒಂದು ಬೆರಳು ಮೆಲ್ಲಗೆ ಮಡಚಿಕೊಂಡಿತು.

"ಅತ್ತೆ" ಅಂದ ವೇಣುಗೋಪಾಲ್, ಮುನಿನಾರಾಯಣಪ್ಪನ ಕಡೆ ನೋಡದೆ, ಪಡಸಾಲೆಯೆಲ್ಲಾ ಕೇಳುವಷ್ಟು ಜೋರಾಗಿ. "ಮುಂದಿನ ವಾರ ನಾನು ಶ್ರೀನಿವಾಸಪುರದ ಮಲಗೋಬ ತತ್ತೀನಿ. ಬುಟ್ಟಿ ಲೆಕ್ಕದಲ್ಲಿ."

ಮುನಿನಾರಾಯಣಪ್ಪ ಟವಲ್ಲು ಎಳೆದು ಹೆಗಲಿಗೆ ಹಾಕಿಕೊಂಡು, ಕುರ್ಚಿ ಎಷ್ಟು ದೂರದಲ್ಲಿದೆ ಅಂತ ನೋಡಿದ.

ವೆಂಕಟರತ್ನಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟರು. ಒಂದು ಲೋಟ ಮೊದಲು, ಇನ್ನೊಂದು ಆಮೇಲೆ.